ಕುಂಟ್ಕೊಂಡು ನಿಲ್ತಾ, ಟಪ್ಪಂತ ನಿಲ್ತಾ?

ಆಪಾ ಒಂದು ದಿನವೂ ಮೋಟಾರು ಬೈಕು ಓಡಿಸಿದವರಲ್ಲ. ಅವರು ಸ್ಪ್ಯಾನರ್ ಹಿಡಿದದ್ದನ್ನೂ ನಾನು ಕಾಣೆ. ಹಿಂದಿನ ಸೀಟಿನಲ್ಲಿ ಕೂತು ಹೋದದ್ದು ಕೂಡ ಮದುವೆಯಾದ ಹೊಸದರಲ್ಲಿ ಒಮ್ಮೆ, ಅದೂ ಗಂಜಾಂವರೆಗೆ ಮಾತ್ರ ಎಂದು ಅವರೇ ಹೇಳಿದ್ದರು. ಆದರೂ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಶ್ರೀರಂಗಪಟ್ಟಣದ ಸುತ್ತಮುತ್ತ ಹಳೆಯ ಬೈಕು ಇಟ್ಟುಕೊಂಡಿದ್ದವರೆಲ್ಲ, ಗಾಡಿ ಕೈಕೊಟ್ಟಾಗ, ಅವರೆದುರು ಹೋಗಿ ನಿಲ್ಲುತ್ತಿದ್ದರು.

ಹೋದ ತಿಂಗಳು ಪಾಂಡವಪುರದ ಬಸ್ ನಿಲ್ದಾಣದಲ್ಲಿ ಅವರ ಮೈದುನ ಸಿಕ್ಕಿದರು. “ಭಾಬಿ ಹೋಗ್ಬಿಟ್ರು ಸಾರ್, ರಂಜಾನ್‌ಗೆ ಮುಂಚೆ. ನಿಮಗೆ ಹೇಳಿ ಕಳ್ಸೋಕೆ ಆಗ್ಲಿಲ್ಲ” ಎಂದರು. ನಾನು ಏನಾದರೂ ಹೇಳುವಷ್ಟರಲ್ಲಿ ಅವರ ಬಸ್ಸು ಬಂತು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಆಪಾರನ್ನು ನೋಡಿದವಳಲ್ಲ. “ಯಾವ ಆಪಾ?” ಎಂದಳು. ಹೇಳಲು ಹೊರಟೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ.

ಆಪಾ ಎಂದರೆ ಅಕ್ಕ. ಅವರ ಹೆಸರು ನನಗೆ ಗೊತ್ತಿತ್ತು. ಆದರೆ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ಕೇಳಿಲ್ಲವಾದ್ದರಿಂದ ಇಲ್ಲಿ ಬರೆಯಲೂ ಮನಸ್ಸಾಗುತ್ತಿಲ್ಲ.

ನಾನಾಗ ಹಾಲಿನ ಸೊಸೈಟಿಗಳ ಮೇಲ್ವಿಚಾರಕನಾಗಿದ್ದೆ. ಊರೂರು ತಿರುಗಿ ಹಾಲಿನ ಡಿಗ್ರಿ ನೋಡುವುದು, ಸೆಕ್ರೆಟರಿಗೂ ಹಾಲು ಹಾಕುವವರಿಗೂ ಹತ್ತಿಕೊಂಡ ಜಗಳ ಬಿಡಿಸುವುದು ನನ್ನ ಕೆಲಸ. ಹೊಣಕೆರೆಯಲ್ಲಿದ್ದ ಸೋದರಮಾವನಿಗೆ ಮಂಡಿನೋವು ಬಂದು ಕಿಕ್ಕರ್ ಒದೆಯಲಾಗದೆ ಹೋದಾಗ ತಮ್ಮ ಹಳೆಯ ಗಾಡಿಯನ್ನು ನನಗೆ ಕೊಟ್ಟುಬಿಟ್ಟರು. ನಾನು ಹುಟ್ಟುವುದಕ್ಕಿಂತ ಮೊದಲಿನದು. ಒಂದೇ ಸಿಲಿಂಡರು, ದಪ್ಪ ಟ್ಯಾಂಕು, ಎಮ್ಮೆಯಂಥ ಮೈ. “ಮಾರ್‌ಬ್ಯಾಡ ಕಣ್ಲಾ, ಓಡ್ಸು” ಎಂದರು ಮಾವ. “ಅಲ್ಲಲ್ಲಿ ನಿಂತ್ಕತದೆ. ಅದ್ಕೆ ಬೈಬ್ಯಾಡ.”

ಗಾಡಿ ಮಾವ ಹೇಳಿದಂತೆಯೇ ನಿಂತಿತು. ಮನೆಯಿಂದ ಹೊರಟಾಗ ಚೆನ್ನಾಗಿ ಓಡುವುದು. ಸ್ವಲ್ಪ ದೂರ ಹೋದ ಮೇಲೆ ಮುಗ್ಗರಿಸಿ ನಿಲ್ಲುವುದು. ಕಬ್ಬಿನ ಟ್ರಾಕ್ಟರುಗಳ ಧೂಳು ಕುಡಿಯುತ್ತ ನಾನು ರಸ್ತೆ ಬದಿಯಲ್ಲಿ ನಿಂತಿರುವುದು. ಕಂಡ ಮೆಕ್ಯಾನಿಕ್‌ಗಳೆಲ್ಲ ಕಂಡದ್ದನ್ನೆಲ್ಲ ಬಿಚ್ಚಿದರು. ಕಡೆಗೆ ಕಿರಂಗೂರಿನ ಸೊಸೈಟಿಯಲ್ಲಿ ಒಬ್ಬರು, “ಪಟ್ಣದ ಕೋಟೆ ಒಳ್ಗೆ, ಸ್ಟೇಷನ್ ರೋಡಲ್ಲಿ ಮೇಸ್ತ್ರಿ ಸಾಬ್ರ ಅಂಗಡಿ ಅದೆ. ಅಲ್ಗೆ ಓಗಿ ಆಪಾನ್ನ ಕೇಳಿ” ಎಂದರು.

ಅಂಗಡಿ ಎಂದರೆ ಮನೆಯ ಮುಂಭಾಗಕ್ಕೆ ಇಳಿಸಿದ್ದ ತಗಡಿನ ಚಪ್ಪರ. ಹಿಂದೆ ಮನೆ, ನಡುವೆ ಬಾಗಿಲಿಗೆ ಹಸಿರು ಪರದೆ. ಪರದೆಯ ಪಕ್ಕ ತೋಳಿರುವ ಮರದ ಕುರ್ಚಿಯಲ್ಲಿ ಒಬ್ಬರು ಹಿರಿಯರು ಕೂತಿದ್ದರು. ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು. ಅವರೇ ಮೇಸ್ತ್ರಿ. ಪಕ್ಕದ ಸ್ಟೂಲಿನ ಮೇಲೆ ತಲೆಗೆ ಸೆರಗು ಹೊದ್ದು, ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದವರು ಆಪಾ.

ನಾನು ನನ್ನ ವಿದ್ಯೆಯನ್ನೆಲ್ಲ ತೆಗೆದೆ. ಕಾರ್ಬ್ಯುರೇಟರ್ ಕೆಟ್ಟಿರಬೇಕು, ಇಲ್ಲವೇ ಪಿಸ್ಟನ್ ಹಿಡಿಯುತ್ತಿರಬೇಕು ಎಂದೆ. ಅವರು ಅವರೆಕಾಯಿಯಿಂದ ತಲೆ ಎತ್ತಲಿಲ್ಲ.

“ಏನು ಕೆಟ್ಟಿದೆ ಅಂತ ಬೇಡ ಸಾರ್. ಏನಾಯ್ತು ಅಂತ ಹೇಳಿ. ನಿಲ್ಲೋವಾಗ ಕುಂಟ್ಕೊಂಡು ಕುಂಟ್ಕೊಂಡು ನಿಲ್ತಾ, ಇಲ್ಲ ದೀಪ ಆರ್ಸಿದಂಗೆ ಟಪ್ಪಂತ ನಿಲ್ತಾ?”

“ಕುಂಟಿಕೊಂಡು.”

“ಹಂಗಾದ್ರೆ ಪೆಟ್ರೋಲು. ಟಪ್ಪಂತ ನಿಂತ್ರೆ ಕರೆಂಟು. ನಿಂತ ಮೇಲೆ ಮೊದ್ಲು ಏನು ಮಾಡಿದ್ರಿ?”

“ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ಇದೆಯಾ ಅಂತ ನೋಡಿದೆ.”

“ಇತ್ತಾ?”

“ಇತ್ತು. ಮುಚ್ಚಿ ಒದ್ದೆ. ಸ್ಟಾರ್ಟ್ ಆಯ್ತು.”

“ಪ್ರತಿ ಸಲಾನೂ ಹಂಗೇನಾ?”

ಯೋಚಿಸಿದೆ. ಪ್ರತಿ ಸಲವೂ ಹಾಗೆಯೇ ಆಗಿತ್ತು. ಅವರು ಕುರ್ಚಿಯ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಕೇಳಿದರು. ಮೇಸ್ತ್ರಿ ಎಡಗೈಯನ್ನು ಮೇಲೆತ್ತಿದರು. ಆಪಾ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನೊಂದನ್ನು ಬಿಚ್ಚಿ, ಕೆಲಸಗಾರನಿಗೆ ಕೊಟ್ಟರು. ಅವನು ಟ್ಯಾಂಕಿನ ಮುಚ್ಚಳ ತಿರುವಿಹಾಕಿ, ಅದರಲ್ಲಿದ್ದ ಸಣ್ಣ ತೂತನ್ನು ಚುಚ್ಚಿ ಕೊಳೆ ತೆಗೆದ. ಗಾಳಿ ಒಳಗೆ ಹೋಗಲು ಆ ತೂತು ಬೇಕಂತೆ. ಅದು ಮುಚ್ಚಿದ್ದರಿಂದ ಪೆಟ್ರೋಲು ಕೆಳಗೆ ಇಳಿಯದೆ ಗಾಡಿ ಉಸಿರುಕಟ್ಟಿ ನಿಲ್ಲುತ್ತಿತ್ತು. ನಾನು ಮುಚ್ಚಳ ತೆಗೆದಾಗಲೆಲ್ಲ ಅದಕ್ಕೆ ಉಸಿರು ಬರುತ್ತಿತ್ತು. ಆಪಾ ಪಿನ್ನನ್ನು ಒರೆಸಿ ಮತ್ತೆ ಬಳೆಗೆ ಸಿಕ್ಕಿಸಿಕೊಂಡರು.

ಆ ಕೆಲಸಗಾರ ಕಿರಂಗೂರಿನ ಚಿಕ್ಕಣ್ಣ. ಬೆಳಿಗ್ಗೆ ತನ್ನ ಹಸುಗಳ ಹಾಲು ಕರೆದು ಸೊಸೈಟಿಗೆ ಹಾಕಿ ಅಂಗಡಿಗೆ ಬರುತ್ತಿದ್ದ. ಆ ಮನೆಯ ಕಥೆಯನ್ನು ನನಗೆ ಹೇಳಿದವನು ಅವನೇ.

ಮೇಸ್ತ್ರಿ ತಮ್ಮ ಕಾಲದಲ್ಲಿ ಹೆಸರಾದವರು. ಕೆ.ಆರ್. ಪೇಟೆ, ನಾಗಮಂಗಲದಿಂದಲೂ ಗಾಡಿಗಳು ಬರುತ್ತಿದ್ದವು. ದಿನವಿಡೀ ನಗುತ್ತ, ಗಿರಾಕಿಗಳನ್ನು ನಗಿಸುತ್ತ ಕೆಲಸ ಮಾಡುವ ಮನುಷ್ಯ. ಒಂದು ಬೆಳಿಗ್ಗೆ ಲಕ್ವ ಹೊಡೆದು ಬಲಗೈಯೂ ಬಲಗಾಲೂ ಮಾತೂ ಒಟ್ಟಿಗೆ ಹೋದವು. ಅಂಗಡಿಗೆ ಬೀಗ ಬಿತ್ತು. ಕೆಲವು ತಿಂಗಳ ಮೇಲೆ ಯಾರೋ ಹಳೆಯ ಗಿರಾಕಿ ವಿಷಯ ತಿಳಿಯದೆ ಗಾಡಿ ತಳ್ಳಿಕೊಂಡು ಬಂದು ಬಾಗಿಲು ಬಡಿದು, ಅದು ಕೈಕೊಟ್ಟ ಬಗೆಯನ್ನು ಹೊರಗಿನಿಂದಲೇ ಹೇಳಿದ. ಒಳಗೆ ಮಂಚದ ಮೇಲೆ ಮಲಗಿದ್ದ ಮೇಸ್ತ್ರಿ ಏನನ್ನೋ ಹೇಳಲು ಒದ್ದಾಡಿದರು. ಆಪಾಗೆ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ಕೂತು ಅಷ್ಟು ವರ್ಷ ಕೇಳಿಸಿಕೊಂಡ ಪದಗಳನ್ನೇ ಒಂದೊಂದಾಗಿ ಅವರ ಮುಂದಿಟ್ಟರು. ಪೆಟ್ರೋಲಾ? ಮೇಸ್ತ್ರಿ ಮುಖವನ್ನು ಗೋಡೆಗೆ ತಿರುಗಿಸಿದರು. ಕರೆಂಟಾ? ಎಡಗೈ ಎತ್ತಿದರು. ಪ್ಲಗ್ಗಾ? ಮತ್ತೆ ಗೋಡೆ. ಪಾಯಿಂಟಾ? ಕೈ ಮೇಲೆ ಹೋಯಿತು. ಹೀಗೆ ಶುರುವಾದದ್ದು. ವಾರದೊಳಗೆ ಚಿಕ್ಕಣ್ಣನನ್ನು ಕರೆಸಿ ಬೀಗ ತೆಗೆಸಿದರು. ಮೊದಮೊದಲು ಆಪಾ ಗಂಡನ ಬರಿಯ ನಾಲಿಗೆಯಾಗಿದ್ದರು. ಬರಬರುತ್ತ ಗಿರಾಕಿಗಳಿಗೆ ತಾವೇ ಪ್ರಶ್ನೆ ಕೇಳತೊಡಗಿದರು.

“ಆಪಾ ಕೇಳೋ ಪ್ರಸ್ನೆಗೆ ಪೊಲೀಸ್ನೋರೂ ಬೆವರ್ತಾರೆ ಸಾ” ಎನ್ನುತ್ತಿದ್ದ ಚಿಕ್ಕಣ್ಣ.

ಹೊಸಹೊಳಲು ಕಡೆಯ ಅರ್ಚಕರೊಬ್ಬರು ಬಂದದ್ದು ನೆನಪಾಗುತ್ತದೆ. ಅವರ ಗಾಡಿ ಮನೆಯಲ್ಲಿ ಒಂದೇ ಒದೆತಕ್ಕೆ ಹೊರಡುತ್ತಿತ್ತು, ಪೂಜೆ ಮುಗಿಸಿ ಹೊರಟರೆ ಎಷ್ಟು ಒದ್ದರೂ ಹೊರಡುತ್ತಿರಲಿಲ್ಲ. ದೇವಸ್ಥಾನದ ಜಾಗದಲ್ಲೇ ಏನೋ ಇದೆ ಎಂದು ಅವರಿಗೆ ಅನುಮಾನ. ಆಪಾ ಕೇಳಿದರು: “ಇಳಿದ ಮೇಲೆ ಪೆಟ್ರೋಲ್ ಟ್ಯಾಪು ಮುಚ್ತೀರಾ ಸ್ವಾಮಿ?”

“ಮನೇಲಿ ನಮ್ಮವಳು ಬಂದು ಮುಚ್ತಾಳಮ್ಮ. ಒಳಗೆಲ್ಲ ವಾಸನೆ ಅಂತಾಳೆ.”

“ದೇವಸ್ಥಾನದಲ್ಲಿ?”

ಅರ್ಚಕರು ಬಗ್ಗಿ ಟ್ಯಾಪನ್ನೇ ನೋಡಿದರು. ದೇವಸ್ಥಾನದಲ್ಲಿ ಟ್ಯಾಪು ತೆರೆದೇ ಇದ್ದು, ಓರೆಯಾಗಿ ನಿಲ್ಲಿಸಿದ ಗಾಡಿಯ ಇಂಜಿನ್ನಿಗೆ ಪೆಟ್ರೋಲು ತುಂಬಿಕೊಳ್ಳುತ್ತಿತ್ತು. “ಅಮ್ಮಾವ್ರನ್ನೂ ಕರ್ಕೊಂಡು ಹೋಗಿ ಸ್ವಾಮಿ, ಎಲ್ಲಾ ಸರಿ ಹೋಗ್ತದೆ” ಎಂದರು ಆಪಾ. ಕುರ್ಚಿಯಲ್ಲಿದ್ದ ಮೇಸ್ತ್ರಿಯ ಹೊಟ್ಟೆ ಕುಲುಕಿತು. ಅವರು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಅವತ್ತು.

ಆಪಾ ಹೇಳಿದ್ದೆಲ್ಲ ಸರಿಯಾಗುತ್ತಿತ್ತೆಂದಲ್ಲ. ಕ್ಲಚ್ ಪ್ಲೇಟು ಹೋಗಿದೆ ಎಂದು ಒಬ್ಬರ ಗಾಡಿಯ ಇಂಜಿನ್ನಿನ ಒಂದು ಪಕ್ಕವನ್ನು ಪೂರ್ತಿ ಬಿಚ್ಚಿಸಿದರು. ನೋಡಿದರೆ ಕೇಬಲ್ ಎಳೆ ಕಿತ್ತುಹೋಗಿತ್ತು, ಅಷ್ಟೆ. “ತಪ್ಪಾಯ್ತಣ್ಣ, ಕೇಬಲ್ ಕೇಳೋದೇ ಮರೆತೆ” ಎಂದು ಗಿರಾಕಿಗೆ ಟೀ ತರಿಸಿಕೊಟ್ಟರು. ಆಮೇಲೆ ಮೇಸ್ತ್ರಿ ಕಡೆ ತಿರುಗಿ, “ನೀವಾದ್ರೂ ಹೇಳ್ಬಾರ್ದಾಗಿತ್ತಾ?” ಎಂದು ರೇಗಿದರು. ಮೇಸ್ತ್ರಿ ನಿಧಾನವಾಗಿ ಗೋಡೆ ಕಡೆ ಮುಖ ಮಾಡಿದರು.

ಅಷ್ಟರಲ್ಲಿ ನಾನು ಅವರಿಗೆ ‘ಸಾರ್’ ಹೋಗಿ ‘ತಮ್ಮ’ ಆಗಿದ್ದೆ.

ಒಂದು ಬೇಸಿಗೆಯಲ್ಲಿ ನನ್ನ ಗಾಡಿ ಮತ್ತೆ ನಿಲ್ಲತೊಡಗಿತು. ಈ ಸಲ ಕುಂಟುತ್ತಿರಲಿಲ್ಲ, ಟಪ್ಪೆಂದು ನಿಲ್ಲುತ್ತಿತ್ತು. ಇಂಜಿನ್ ಕಾದ ಮೇಲೆ ಮಾತ್ರ. ಆರಲು ಬಿಟ್ಟರೆ ಹೊರಡುತ್ತಿತ್ತು. ಆಪಾ ಹೇಳಿದರು: “ನಿಂತ ತಕ್ಷಣ ಪ್ಲಗ್ ಬಿಚ್ಚಿ ಇಂಜಿನ್ನಿಗೆ ತಾಗ್ಸಿ ಒದ್ದು ನೋಡಿ. ಕಿಡಿ ಬರ್ತದಾ ಹೇಳಿ.” ಮರುದಿನ ನೋಡಿದೆ, ಕಿಡಿ ಇರಲಿಲ್ಲ. ಬಂದು ಹೇಳಿದೆ. ಆಪಾ ಮೇಸ್ತ್ರಿಯನ್ನು ಕೇಳಿದರು. ಕರೆಂಟಾ? ಮೇಸ್ತ್ರಿ ಗೋಡೆಗೆ ತಿರುಗಿದರು. ಆಮೇಲೆ ಎಡಗೈ ಚಾಚಿ ಕಾರ್ಬ್ಯುರೇಟರನ್ನು ತೋರಿಸಿದರು.

ಆಪಾ ನನ್ನನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು. “ಚಿಕ್ಕಣ್ಣ, ಕಾರ್ಬ್ಯುರೇಟರ್ ಬಿಚ್ಚಿ ತೊಳಿ” ಎಂದರು.

ತೊಳೆದ. ಗಾಡಿ ನಿಂತಿತು. ಮತ್ತೆ ಬಂದೆ. ಮೇಸ್ತ್ರಿ ಮತ್ತೆ ಅದನ್ನೇ ತೋರಿಸಿದರು. ಮತ್ತೆ ತೊಳೆದ. ಮತ್ತೆ ನಿಂತಿತು. ಮೂರನೆಯ ಸಲ ಬಂದಾಗ ಶುಕ್ರವಾರ ಮಧ್ಯಾಹ್ನ. ಆಪಾರ ಮೈದುನ ಆಟೋದಲ್ಲಿ ಮೇಸ್ತ್ರಿಯನ್ನು ನಮಾಜಿಗೆ ಕರೆದುಕೊಂಡು ಹೋಗಿದ್ದರು.

“ಆಪಾ, ನಿಮಗೇನನ್ನಿಸ್ತದೆ?” ಎಂದೆ.

“ಅವ್ರು ಹೇಳಿದ್ದೇ.”

“ಕಿಡಿ ಇಲ್ಲ ಅಂದ್ನಲ್ಲ.”

ಸೆರಗನ್ನು ಸರಿಮಾಡಿಕೊಂಡರು. “ಹೋದ ತಿಂಗ್ಳು ಅವ್ರಿಗೆ ಲಕ್ವ ಇನ್ನೊಂದು ಸಲ ಸಣ್ಣದಾಗಿ ಹೊಡೀತು ತಮ್ಮಾ. ಯಾರ್ಗೂ ಹೇಳಿಲ್ಲ. ಅವತ್ತಿಂದ ಎಲ್ಲದಕ್ಕೂ ಕಾರ್ಬ್ಯುರೇಟರೇ. ಮೊನ್ನೆ ಪಂಕ್ಚರ್ ಗಾಡಿಗೂ ಅದೇ ತೋರ್ಸಿದ್ರು. ಆ ಕುರ್ಚೀಲಿ ಕೂತು ಹೌದು, ಅಲ್ಲ ಅನ್ನೋದು ಒಂದೇ ಅವ್ರಿಗೆ ಉಳ್ದಿರೋದು. ಅದೂ ತಪ್ಪು ಅಂದ್ರೆ ಇನ್ನೇನಿದೆ?”

ಚಿಕ್ಕಣ್ಣ ಬೀಡಿ ಆರಿಸಿ ಎದ್ದ. “ಕರೆಂಟಿನ ಕಂಡೆನ್ಸರ್ ಆಗಿರ್ಬೇಕು ಕಣಾಪಾ, ಕಾದ್ರೆ ಕೈಕೊಡ್ತದೆ. ಹೊಸದು ಒಂದದೆ. ಅವರು ಬರಾದ್ರೊಳ್ಗೆ ಬದ್ಲಾಯಿಸ್ಬುಡ್ತೀನಿ. ಕಾರ್ಬ್ಯುರೇಟರ್ ತೊಳ್ದೆ ಅಂದ್ರಾಯ್ತು.”

ಆಪಾ ಬೇಡ ಎನ್ನಲಿಲ್ಲ. ಹಾಗೇ ಮಾಡು ಎಂದೂ ಹೇಳಲಿಲ್ಲ. ಪರದೆ ಸರಿಸಿ ಒಳಗೆ ಹೋದರು.

ಮೇಸ್ತ್ರಿ ಬರುವಷ್ಟರಲ್ಲಿ ಚಿಕ್ಕಣ್ಣ ಅದನ್ನು ಬದಲಾಯಿಸಿ, ನಾನು ಕಿರಂಗೂರಿನವರೆಗೆ ಹೋಗಿ ಬಂದಿದ್ದೆ. ಅವರೆದುರೇ ಹೊರಟು ಇನ್ನೊಂದು ಸುತ್ತು, ಪಾಂಡವಪುರದವರೆಗೂ ಹೋಗಿ ಬಂದೆ. ಗಾಡಿ ಒಮ್ಮೆಯೂ ತಡೆಯಲಿಲ್ಲ. ಮೇಸ್ತ್ರಿಯ ಮುಖ ಅರಳಿತು. ಎಡಗೈಯಿಂದ ಕಾರ್ಬ್ಯುರೇಟರನ್ನು ತೋರಿಸಿ ನನ್ನನ್ನು ನೋಡಿದರು, ಚಿಕ್ಕಣ್ಣನನ್ನು ನೋಡಿದರು, ಹೆಂಡತಿಯನ್ನು ನೋಡಿದರು. “ನೀವ್ ಹೇಳ್ದಂಗೇ ಆಯ್ತು ಮೇಸ್ತ್ರಿ” ಎಂದ ಚಿಕ್ಕಣ್ಣ. ನಾನೂ ತಲೆಯಾಡಿಸಿದೆ. ಆಪಾ ಮಾತ್ರ ಟೀ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದವರು ಮತ್ತೆ ಬರಲಿಲ್ಲ.

ಅದಾದ ಮೇಲೆ ಇಂಜಿನ್ ಎಣ್ಣೆ ಬದಲಾಯಿಸಲು ಒಂದು ದಿನ ಹೋದೆ. ಪಾಂಡವಪುರದ ಕಡೆಯ ಯುವಕನೊಬ್ಬ ಬಂದಿದ್ದ. ಅವನ ಅಪ್ಪನ ಕಾಲದ ಗಾಡಿ. ಅದೂ ಟಪ್ಪೆಂದು ನಿಲ್ಲುತ್ತಿತ್ತು. “ನಾಳೆ ಹೆಂಡ್ತಿನ ಮೈಸೂರು ಆಸ್ಪತ್ರೆಗೆ ಕರ್ಕೊಂಡೋಗ್ಬೇಕು ಆಪಾ. ಏಳು ತಿಂಗ್ಳು. ಬಸ್ಸಲ್ಲಿ ನಿಂತ್ಕೊಂಡು ಹೋಗೋಕಾಗಲ್ಲ ಅವ್ಳಿಗೆ. ನಾಳೆ ಒಂದಿನ ನಿಲ್ದಂಗೆ ಮಾಡಿಕೊಡಿ” ಎಂದ.

ಆಪಾ ಕೇಳುತ್ತ ಹೋದರು. ಕಾದಾಗ ನಿಲ್ತದಾ? ಇಲ್ಲ. ಹಳ್ಳ ಹಾರಿದಾಗ? ಇಲ್ಲ. ತಿರುವಿನಲ್ಲಿ? ಹೌದು, ಎಡಕ್ಕೆ ತಿರುಗಿಸಿದಾಗ. ಯಾವಾಗಲೂ ಎಡಕ್ಕೇನಾ? ಹೌದು.

ಮೇಸ್ತ್ರಿ ಯಾರೂ ಕೇಳುವ ಮೊದಲೇ ಕೈ ಚಾಚಿದ್ದರು. ಕಾರ್ಬ್ಯುರೇಟರ್. ಹೋದ ಸಲದ ಗೆಲುವು ಅವರ ಮುಖದಲ್ಲಿತ್ತು.

ಚಿಕ್ಕಣ್ಣ ನನ್ನ ಮುಖ ನೋಡಿದ. ಆಪಾ ಯುವಕನನ್ನು ನೋಡಿದರು. ಹೈವೇಯಲ್ಲಿ ಹಿಂದೆ ಲಾರಿ ಬರುತ್ತಿರುವಾಗ, ತಿರುವಿನಲ್ಲಿ, ಏಳು ತಿಂಗಳ ಬಸುರಿಯನ್ನು ಕೂರಿಸಿಕೊಂಡ ಗಾಡಿ ಟಪ್ಪೆಂದು ನಿಂತರೆ!

“ಚಿಕ್ಕಣ್ಣ, ಹ್ಯಾಂಡಲ್ ಹತ್ರ ವೈರು ನೋಡು. ತಿರುಗ್ಸಿದಾಗ ಎಳೀತಿರ್ಬೇಕು” ಎಂದರು ಆಪಾ.

ಮೇಸ್ತ್ರಿ ಕುರ್ಚಿಯ ತೋಳನ್ನು ಬಡಿದರು. ಮತ್ತೆ ಕಾರ್ಬ್ಯುರೇಟರ್ ತೋರಿಸಿದರು. ಆಮೇಲೆ ನನ್ನ ಗಾಡಿಯನ್ನು ತೋರಿಸಿದರು. ಆವತ್ತು ತಾವು ಹೇಳಿದ್ದು ಸರಿಯಾಗಲಿಲ್ಲವೇ ಎನ್ನುತ್ತಿದ್ದರು.

ಆಪಾ ಸ್ಟೂಲಿನಿಂದ ಎದ್ದು ಅವರ ಕಾಲ ಬಳಿ ಕೂತರು. ಮೆಲ್ಲಗೆ, ತಡೆತಡೆದು, ಉರ್ದುವಿನಲ್ಲಿ ಮಾತಾಡಿದರು. ನಮಗೆ ತಿಳಿಯಬಾರದು ಎಂದಿರಬೇಕು. ಆದರೆ ‘ಕಂಡೆನ್ಸರ್’ ಎಂಬ ಮಾತು ಯಾವ ಭಾಷೆಯಲ್ಲೂ ಕಂಡೆನ್ಸರೇ. ಅದು ಕಿವಿಗೆ ಬಿದ್ದೊಡನೆ ನಾನೂ ಚಿಕ್ಕಣ್ಣನೂ ನೆಲ ನೋಡಿದೆವು.

ಮೇಸ್ತ್ರಿ ಎಡಗೈಯನ್ನು ಕುರ್ಚಿಗೆ ಊರಿ ಎದ್ದರು. ಆಪಾ ಹಿಡಿಯಲು ಹೋದರೆ ಕೊಸರಿಕೊಂಡರು. ಗೋಡೆ ಹಿಡಿದು, ಸತ್ತ ಕಾಲನ್ನು ಎಳೆಯುತ್ತ, ಪರದೆಯ ಹಿಂದೆ ಹೋದರು.

ಯುವಕನ ಗಾಡಿಯ ವೈರು ಹ್ಯಾಂಡಲ್ ಸಂದಿಯಲ್ಲಿ ತುಂಡಾಗಿತ್ತು. ಚಿಕ್ಕಣ್ಣ ಹೊಸದು ಹಾಕಿ ಕಳಿಸಿದ.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಮೇಸ್ತ್ರಿ ಅಂಗಡಿಗೆ ಬರುವುದನ್ನು ಬಿಟ್ಟರು. ಆಪಾ ದಿನಾ ಬೆಳಿಗ್ಗೆ ಕುರ್ಚಿಯನ್ನು ಒರೆಸಿ ಅದರ ಜಾಗದಲ್ಲಿಟ್ಟು, ಪಕ್ಕದಲ್ಲಿ ತಾವು ಕೂರುತ್ತಿದ್ದರು. ಗಿರಾಕಿಗಳನ್ನು ಕೇಳಬೇಕಾದ್ದನ್ನೆಲ್ಲ ಕೇಳುವರು. ಆದರೆ ಕಡೆಯಲ್ಲಿ ಇಂಥದ್ದು ಎಂದು ಹೇಳುತ್ತಿರಲಿಲ್ಲ. ಒಳಗೆ ಹೋಗಿ ಗಂಡನನ್ನು ಕೇಳುವರು, ಉತ್ತರವಿಲ್ಲದೆ ಹೊರಗೆ ಬರುವರು. “ಅವ್ರಿನ್ನೂ ಹೇಳಿಲ್ಲ. ಕೂತ್ಕೊಳ್ಳಿ” ಎನ್ನುವರು. ಕೆಲವರು ಕೂರುತ್ತಿದ್ದರು. ಹೆಚ್ಚಿನವರು ಬೇರೆ ಅಂಗಡಿ ನೋಡಿಕೊಂಡರು.

“ಗೊತ್ತಿದ್ರೂ ಹೇಳಾಕಿಲ್ಲ ಅಂತಾರೆ ಸಾ. ಇಂಗಾದ್ರೆ ಅಂಗಡಿ ಮುಚ್ಕಬೇಕಾಯ್ತದೆ” ಎಂದು ಚಿಕ್ಕಣ್ಣ ಸೊಸೈಟಿಯಲ್ಲಿ ನನ್ನ ಹತ್ತಿರ ಗೊಣಗಿದ.

ನಾನು ಆಪಾಗೆ ಹೇಳಿ ನೋಡಿದೆ. “ನೀವೇ ಹೇಳಿಬಿಡಿ ಆಪಾ, ಅವರು ಬಂದಾಗ ಬರ್ಲಿ.”

“ಒಂದ್ಸಲ ಅವ್ರನ್ನ ಬಿಟ್ಟು ಮಾಡಿದ್ವಲ್ಲ, ಸಾಲದಾ?” ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ.

ಒಂದು ಮಧ್ಯಾಹ್ನ ಮೇಲುಕೋಟೆ ಕಡೆಯಿಂದ ಒಂದು ಗಾಡಿ ಬಂತು. ಇಂಜಿನ್ ಒಳಗೆ ಟಕಟಕ ಸದ್ದು. ಏರಿನಲ್ಲಿ ಜಾಸ್ತಿ, ಸಮರಸ್ತೆಯಲ್ಲಿ ಕಮ್ಮಿ ಎಂದರು ಗಿರಾಕಿ. ಚಿಕ್ಕಣ್ಣ ಸ್ಟಾರ್ಟ್ ಮಾಡಿ ರೇಸ್ ಕೊಟ್ಟ. ಆಪಾ ತಲೆ ಬಾಗಿಸಿ ಕೇಳುತ್ತಿದ್ದರು. ಒಳಗಿನಿಂದ ‘ಆ, ಆ’ ಎಂಬ ದನಿ ಬಂತು. ಪರದೆ ಅಲುಗಾಡಿತು. ಮೇಸ್ತ್ರಿ ಗೋಡೆ ಹಿಡಿದು ಬಂದು ಕುರ್ಚಿಯಲ್ಲಿ ಕೂತರು. ಗಡ್ಡ ಬೆಳೆದಿತ್ತು. ಯಾರನ್ನೂ ನೋಡಲಿಲ್ಲ. ಇನ್ನಷ್ಟು ರೇಸ್ ಕೊಡು ಎಂದು ಚಿಕ್ಕಣ್ಣನಿಗೆ ಬೆರಳಾಡಿಸಿದರು.

ಕೇಳಿ ಮುಗಿಸಿದ ಮೇಲೆ ಏನನ್ನೂ ತೋರಿಸಲಿಲ್ಲ. ಹೆಂಡತಿಯ ಕಡೆ ತಿರುಗಿ ಎಡ ಅಂಗೈಯನ್ನು ಮೇಲೆ ಮಾಡಿ ಚಾಚಿದರು. ನೀನು ಹೇಳು.

ಅವರು ಹಾಗೆ ಕೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಪಾ ಕೂಡ ಕಂಡಿರಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. “ಕಿಡಿ ಬರೋ ಟೈಮಿಂಗ್ ಮುಂದಕ್ಕೆ ಹೋಗಿರ್ಬೋದು ಅನ್ಸ್ತದೆ. ನಂಗೆ ಪೂರಾ ಗೊತ್ತಾಗ್ತಿಲ್ಲ” ಎಂದರು, ಕನ್ನಡದಲ್ಲೇ, ಎಲ್ಲರಿಗೂ ಕೇಳುವಂತೆ. ಮೇಸ್ತ್ರಿ ಯೋಚಿಸಿದರು. ಕೈ ಅರ್ಧ ಎತ್ತಿದರು. ನನಗೂ ಹಾಗೇ ಅನ್ನಿಸುತ್ತೆ, ನೋಡೋಣ ಎಂಬಂತೆ. ಚಿಕ್ಕಣ್ಣ ಸ್ಪ್ಯಾನರ್ ಎತ್ತಿಕೊಂಡ.

ಅಲ್ಲಿಂದ ಮುಂದೆ ಆ ಅಂಗಡಿಯಲ್ಲಿ ಗಾಡಿಗಿಂತ ಗಂಡಹೆಂಡಿರ ವಾದವೇ ಹೆಚ್ಚಾಯಿತು. ಆಪಾ ಪ್ಲಗ್ ಎಂದರೆ ಮೇಸ್ತ್ರಿ ಗೋಡೆಗೆ ತಿರುಗುವುದು. ಒಮ್ಮೆ ಆಪಾ ಕೂಡ ಸಿಟ್ಟಿಗೆದ್ದು ಗೋಡೆಗೆ ಮುಖ ಮಾಡಿ ಕೂತರು. ಮೇಸ್ತ್ರಿ ತಪ್ಪು ಹೇಳುವುದು ನಿಲ್ಲಲಿಲ್ಲ. ಅದನ್ನು ಯಾರೂ ಮುಚ್ಚಿಡಲೂ ಇಲ್ಲ.

ಕೆಲವು ವರ್ಷಗಳಾದ ಮೇಲೆ ಮೇಸ್ತ್ರಿ ತೀರಿಕೊಂಡರು. ಆಗ ನನಗೆ ಕೆ.ಆರ್. ಪೇಟೆಗೆ ವರ್ಗವಾಗಿತ್ತು. ಸುದ್ದಿ ತಡವಾಗಿ ತಿಳಿದು ಹೋಗುವಷ್ಟರಲ್ಲಿ ಅಂಗಡಿ ಮುಚ್ಚಿತ್ತು. ಚಿಕ್ಕಣ್ಣ ಕಿರಂಗೂರಿನಲ್ಲಿ ತನ್ನದೇ ಅಂಗಡಿ ಹಾಕಿದ್ದ. ಆಪಾ ಪಾಂಡವಪುರದಲ್ಲಿ ತಂಗಿಯ ಮನೆಗೆ ಹೋಗಿದ್ದರು. ಅಲ್ಲಿ ಹೋಗಿ ಕಂಡೆ. ಸೇಮಿಗೆ ಪಾಯಸ ಕೊಟ್ಟರು. ಸೊಸೈಟಿ, ಮಾವನ ಮಂಡಿ, ನನ್ನ ಮದುವೆ ಎಲ್ಲ ವಿಚಾರಿಸಿದರು.

“ಚಿಕ್ಕಣ್ಣನ ಅಂಗಡೀಲಿ ಕೂರ್ಬಹುದಿತ್ತಲ್ಲ ಆಪಾ?” ಎಂದೆ.

“ಬಂದು ಕರ್ದ ಪಾಪ. ಗಿರಾಕಿಗಳೂ ಹೇಳಿ ಕಳ್ಸಿದ್ರು.”

“ಮತ್ತೆ?”

“ಗಾಡಿ ಮೇಲೆ ನಂಗೇನು ಆಸೆ ತಮ್ಮಾ? ಮದ್ವೆಯಾದಾಗಿಂದ ಅವ್ರು ನನ್ ಹತ್ರ ಏನು ಮಾತಾಡಿದ್ರು? ಟೀ ಕೊಡು, ಊಟ ಹಾಕು, ಬಾಗ್ಲು ಮುಚ್ಚು. ಹೊರಗೆ ಎಲ್ಲಾರ ಜೊತೆ ನಗ್ತಾ ಮಾತಾಡೋರು. ನಾನು ಒಳಗೆ ರೊಟ್ಟಿ ತಟ್ತಾ ಕೇಳ್ಕೊಳ್ತಿದ್ದೆ. ಲಕ್ವ ಹೊಡೆದು ಮಾತು ಹೋದ್ಮೇಲೇ ನಾವಿಬ್ರು ಮಾತಾಡಿದ್ದು. ಬೆಳಗಿಂದ ಸಂಜೆ ತಂಕ. ಪೆಟ್ರೋಲು, ಪ್ಲಗ್ಗು, ಪಾಯಿಂಟು. ಬೇರೆ ಮಾತು ಇಬ್ರಿಗೂ ಬರ್ತಿರ್ಲಿಲ್ಲ.” ಲೋಟ ತೆಗೆದುಕೊಂಡು, “ಇನ್ನೊಂಚೂರು ಹಾಕ್ಲಾ?” ಎಂದರು.

ಹೊರಡುವಾಗ ಬಾಗಿಲವರೆಗೆ ಬಂದರು. ನಾನು ಗಾಡಿ ಒದ್ದೆ. ಹೊರಡಲಿಲ್ಲ. ಮತ್ತೆ ಒದ್ದೆ, ಮತ್ತೆ. ಒಮ್ಮೆ ಕೆಮ್ಮಿ ಸುಮ್ಮನಾಯಿತು. ಅಭ್ಯಾಸಬಲದಿಂದ ಅವರ ಕಡೆ ತಿರುಗಿ ನಿಂತೆ. ಆಪಾ ಬಾಗಿಲ ಚೌಕಟ್ಟಿಗೆ ಒರಗಿ, ಬಂದ ನೆಂಟರನ್ನು ಕಳಿಸಿಕೊಡುವವರಂತೆ ನೋಡುತ್ತಿದ್ದರು. ಏನೂ ಕೇಳಲಿಲ್ಲ.

“ನಿಧಾನಕ್ಕೆ ಹೋಗಿ ತಮ್ಮಾ” ಎಂದರು. ನಾನು ಗಾಡಿಯನ್ನು ತಳ್ಳಿಕೊಂಡು ಬೀದಿಯ ಇಳಿಜಾರಿನವರೆಗೆ ಹೋದೆ.